ಎಡಗೈಯನ್ನು ನಂಬದ ಮಂಗ

ನನಗೆ ಬರುವುದು ಒಂದೇ ಕೈಚಳಕ. ಬಲಗೈಯ ಬೆರಳ ತುದಿಯಲ್ಲಿ ಒಂದು ಶೇಂಗಾಕಾಯಿ ಹಿಡಿದು ತೋರಿಸುತ್ತೇನೆ. ಎಡಗೈ ಬಂದು, ಹೆಬ್ಬೆರಳನ್ನು ಹಿಂದೆ ತೂರಿಸಿ, ಕಾಯನ್ನು ಎತ್ತಿಕೊಂಡಂತೆ ಮುಚ್ಚಿಕೊಳ್ಳುತ್ತದೆ. ಎಡ ಮುಷ್ಟಿ ದೂರ ಹೋಗುತ್ತದೆ. ನನ್ನ ಕಣ್ಣೂ ಅದರ ಹಿಂದೆ ಹೋಗುತ್ತದೆ. ಮುಷ್ಟಿ ಬಿಚ್ಚಿದರೆ ಏನೂ ಇರುವುದಿಲ್ಲ. ಕಾಯಿ ಬಲಗೈಯ ಅಂಗೈಗೆ ಜಾರಿ ಅಲ್ಲೇ ಕೂತಿರುತ್ತದೆ.

ಇದನ್ನು ನಾನು ಕಲಿತದ್ದು ಜಗಳೂರು ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಸೇರಿದ ಎರಡನೇ ವರ್ಷ. ಮಕ್ಕಳ ತಲೆಯಿಂದ ಮೂಢನಂಬಿಕೆ ತೆಗೆಯಬೇಕೆಂದು ಶಿಕ್ಷಕರಿಗೆ ಎರಡು ದಿನ ತರಬೇತಿ ಕೊಟ್ಟಿದ್ದರು. ಗಾಳಿಯಿಂದ ಬೂದಿ ತೆಗೆಯುವುದು, ನಿಂಬೆಹಣ್ಣಿನಲ್ಲಿ ರಕ್ತ ಬರಿಸುವುದು, ಅಂಗೈ ಮೇಲೆ ಕರ್ಪೂರ ಉರಿಸುವುದು, ಕೈಯಲ್ಲಿದ್ದದ್ದನ್ನು ಮಾಯ ಮಾಡುವುದು. ಉಳಿದವರು ಎಲ್ಲವನ್ನೂ ಕಲಿತು ನಕ್ಕು ಮನೆಗೆ ಹೋದರು. ನಾನು ಒಂದನ್ನು ಕಲಿತು, ಅದನ್ನೇ ಇಟ್ಟುಕೊಂಡೆ.

ಅಲ್ಲಿ ನನ್ನ ಬಾಡಿಗೆ ಕೋಣೆ ಮನೆಯವರ ಹಿತ್ತಿಲಲ್ಲಿತ್ತು. ಸಂಜೆ ಐದರಿಂದ ಮಲಗುವವರೆಗೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಮನೆಯವರು ಒಳ್ಳೆಯವರೇ. ಆದರೆ ಒಂಟಿ ಹೆಣ್ಣುಮಗಳ ಕೋಣೆಯ ಮುಂದೆ ಹೆಚ್ಚು ಹೊತ್ತು ನಿಲ್ಲುವುದು ಅವರಿಗೆ ಸರಿ ಕಾಣುತ್ತಿರಲಿಲ್ಲ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದರೆ ಗುಟ್ಟು ಗೊತ್ತಿರುವವಳೇ ನೋಡಿದಂತಾಗುತ್ತಿತ್ತು. ಹಾಗಾಗಿ ಹಿತ್ತಿಲಲ್ಲಿ ಏನು ಓಡಾಡುತ್ತದೋ ಅದರ ಮುಂದೆ ಮಾಡತೊಡಗಿದೆ.

ಮೇಕೆ ನನ್ನ ಕೈಯನ್ನು ನೋಡಲೇ ಇಲ್ಲ. ಮೂಗು ಚಾಚಿಕೊಂಡು ನೇರವಾಗಿ ಕಾಯಿ ಇದ್ದ ಕೈಗೇ ಬಂತು. ಕೋಳಿಯ ಮುಂದೆ ಕಾಳನ್ನು ಬಟ್ಟಲಿನಿಂದ ಮುಚ್ಚಿದರೆ, ಅದರ ಮಟ್ಟಿಗೆ ಕಾಳು ಲೋಕದಿಂದಲೇ ಹೋದಂತೆ. ಒಂದು ಗಳಿಗೆ ನಿಂತು ಬೇರೆ ಕಡೆ ಕೆರೆಯಲು ಹೋಯಿತು. ಅದಕ್ಕೆ ಆಶ್ಚರ್ಯವಾಗಲಿಲ್ಲ, ದುಃಖವೂ ಆದಂತೆ ಕಾಣಲಿಲ್ಲ. ಮನೆಯವರ ನಾಯಿ ಮಾತ್ರ ಪ್ರತಿ ಸಲವೂ ಎಡ ಮುಷ್ಟಿಯನ್ನು ನಂಬಿ, ಖಾಲಿ ಅಂಗೈಯನ್ನು ನೆಕ್ಕಿ, ನನ್ನ ಮುಖ ನೋಡುತ್ತಿತ್ತು. ಅದು ಮೋಸ ಹೋಗುತ್ತಿದ್ದದ್ದು ನನ್ನ ಕೈಗಲ್ಲ, ನನ್ನ ಕಣ್ಣಿಗೆ. ನಾನು ಎಲ್ಲಿ ನೋಡಿದರೆ ಅಲ್ಲಿ ಅದಕ್ಕೆ ಏನೋ ಇರಬೇಕು. ನಾಲ್ಕು ದಿನವಾದ ಮೇಲೆ ಆ ನಾಯಿಗೆ ಮಾಡುವುದನ್ನು ಬಿಟ್ಟೆ.

ಹೊನ್ನಾಳಿಗೆ ವರ್ಗವಾದಾಗ ಮನೆ ಹೊಳೆಯಿಂದ ದೂರವಿರಲಿಲ್ಲ. ಮಹಡಿಯ ಕಟ್ಟೆಗೆ ಒಂದು ಕಾಗೆ ಬರುತ್ತಿತ್ತು. ಅದು ತಲೆ ಓರೆ ಮಾಡಿ ಒಂದೇ ಕಣ್ಣಿನಲ್ಲಿ ನೋಡುತ್ತಿತ್ತು. ಎಡಗೈ ಬಂದು ಎತ್ತಿಕೊಂಡಂತೆ ಮಾಡಿದರೂ ಕಾಗೆಯ ಕಣ್ಣು ಬಲಗೈ ಬಿಟ್ಟು ಕದಲುತ್ತಿರಲಿಲ್ಲ. ಒಂದು ಕೈ ಇನ್ನೊಂದು ಕೈಯ ಹತ್ತಿರ ಬಂದರೆ ಅದರಲ್ಲಿದ್ದದ್ದನ್ನು ತೆಗೆದುಕೊಳ್ಳುತ್ತದೆ ಎಂಬುದು ಅದಕ್ಕೆ ಯಾಕೆ ತಿಳಿದಿರಬೇಕು? ಆದರೆ ಎರಡು ಕೈಗಳ ನಡುವೆ ಕಾಯನ್ನು ಸರ್ರನೆ ಎಸೆದರೆ ತಬ್ಬಿಬ್ಬಾಗುತ್ತಿತ್ತು. ಕೈ ಇರುವವರಿಗೆ ಕೈ ಮೋಸ ಮಾಡುತ್ತದೆ, ಇಲ್ಲದವರಿಗೆ ವೇಗ ಮೋಸ ಮಾಡುತ್ತದೆ ಎಂದು ನೋಟ್ ಪುಸ್ತಕದ ಹಿಂದೆ ಬರೆದಿಟ್ಟೆ. ತೋರಿಸಲು ಯಾರೂ ಇರಲಿಲ್ಲ.

ನಾನು ಹೇಳಬೇಕೆಂದಿರುವುದು ನ್ಯಾಮತಿ ತಾಲ್ಲೂಕಿನ ಶಾಲೆಯದ್ದು. ಅಲ್ಲಿ ಆರು ವರ್ಷ ಇದ್ದೆ. ಶಾಲೆಯ ಹಿಂದೆ ಮೆಕ್ಕೆಜೋಳದ ಹೊಲ, ಪಕ್ಕದಲ್ಲಿ ಆಂಜನೇಯನ ಗುಡಿ, ಗುಡಿಯ ಅರಳಿಮರದಲ್ಲಿ ಮಂಗಗಳ ಒಂದು ಗುಂಪು. ಶನಿವಾರ ಜನ ಬಾಳೆಹಣ್ಣಿಗೆ ಊದಿನಕಡ್ಡಿ ಚುಚ್ಚಿ ಕಟ್ಟೆಯ ಮೇಲಿಟ್ಟು ಕೈಮುಗಿದು ಹೋಗುತ್ತಿದ್ದರು. ಕಡ್ಡಿ ಉರಿದು ಆರುವವರೆಗೂ ಮಂಗಗಳು ಸಾಲಾಗಿ ಕಾದು ಕೂರುತ್ತಿದ್ದವು. ಆಮೇಲೆ ಕಡ್ಡಿ ಕಿತ್ತೆಸೆದು ಹಣ್ಣು ತಿನ್ನುತ್ತಿದ್ದವು. ಮಿಕ್ಕ ಆರು ದಿನ ಅವು ಹೊಲಕ್ಕೂ ಬಿಸಿಯೂಟದ ಕೋಣೆಗೂ ನುಗ್ಗುತ್ತಿದ್ದವು.

ಮಧ್ಯಾಹ್ನ ಮಕ್ಕಳು ಉಂಡ ಮೇಲೆ ನಾನು ಹಿಂದಿನ ಮೆಟ್ಟಿಲ ಮೇಲೆ ಕೂತು ಮಂಗಗಳಿಗೆ ನನ್ನ ಒಂದೇ ಆಟ ತೋರಿಸುತ್ತಿದ್ದೆ. ಅವುಗಳಂತೆ ಮೋಸ ಹೋದವರನ್ನು ನಾನು ನೋಡಿಲ್ಲ. ದೊಡ್ಡ ಗಂಡು ಸಹ ನನ್ನ ಎಡ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಕೈಯನ್ನು ತಿರುಗಿಸಿ ಹಿಂಬದಿಯನ್ನೂ ನೋಡುತ್ತಿತ್ತು. ನಂತರ ಮೆಟ್ಟಿಲ ಮೇಲೆ ತಡಕಾಡುತ್ತಿತ್ತು. ಕೊನೆಯಲ್ಲಿ ಕಾಯನ್ನು ನಾನು ಕೊಟ್ಟೇ ಕೊಡುತ್ತಿದ್ದೆ. ಆ ನಿಯಮವನ್ನು ಮುರಿದಿರಲಿಲ್ಲ.

ಅಡುಗೆಯಾಕೆ ಪಾತ್ರೆ ತಿಕ್ಕುತ್ತಾ ನೋಡುತ್ತಿದ್ದಳು.

“ಮೇಡಂ, ಮಕ್ಳಿಗೆ ಮಗ್ಗಿ ಹೇಳ್ಕೊಡೋದು ಬಿಟ್ಟು ಮಂಗಗಳಿಗೆ ಸುಳ್ಳು ಹೇಳ್ಕೊಡ್ತೀರಲ್ರೀ.”

“ಮಗ್ಗಿ ಬೆಳಿಗ್ಗೆನೇ ಆಯ್ತಮ್ಮ.”

“ಆ ಮೂಲೆ ಹೆಣ್ಣು ನೋಡ್ರಿ. ನಿಮ್ಮಾಟ ಅದರತ್ರ ನಡಿಯಂಗಿಲ್ಲ.”

ಅವಳು ಹೇಳಿದ ಮೇಲೆ ನಾನು ಗಮನಿಸಿದೆ. ಗೋಡೆಯ ಮೂಲೆಯಲ್ಲಿ ಕೂರುತ್ತಿದ್ದ ಹೆಣ್ಣು ಮಂಗ. ಹಿಂದೆಂದೋ ಕರೆಂಟ್ ತಂತಿ ಹಿಡಿದು ಅದರ ಎರಡೂ ಕೈ ಸುಟ್ಟಿದ್ದವು. ಎಡಗೈಯಲ್ಲಿ ಮೂರು ಬೆರಳು, ಬಲಗೈಯಲ್ಲಿ ಎರಡು. ಹೆಬ್ಬೆರಳು ಎರಡರಲ್ಲೂ ಇರಲಿಲ್ಲ. ಕಾಯನ್ನು ಎರಡು ಮೊಂಡು ಕೈಗಳ ನಡುವೆ ಒತ್ತಿ ಹಿಡಿದು ಹಲ್ಲಿನಿಂದ ಸುಲಿಯುತ್ತಿತ್ತು. ಒಂದು ವರ್ಷದ ಮಗಳು ಅದರ ಬೆನ್ನಿಗೆ ಅಂಟಿಕೊಂಡೇ ಇರುತ್ತಿದ್ದಳು.

ನಾನು ಆಟ ಮಾಡಿದೆ. ಮಗಳು ಎಡ ಮುಷ್ಟಿಗೆ ಹಾರಿದಳು. ತಾಯಿ ಬಲಗೈ ನೋಡಿತು. ಮತ್ತೆ ಮಾಡಿದೆ. ಮತ್ತೆ ಬಲಗೈ. ಹದಿನೈದು ದಿನ, ಬೆಳಕು ಬದಲಿಸಿ, ದೂರ ಬದಲಿಸಿ, ಕೈ ಅದಲು ಬದಲು ಮಾಡಿ ಪರೀಕ್ಷಿಸಿದೆ. ಒಮ್ಮೆಯೂ ತಪ್ಪಲಿಲ್ಲ. ಹೆಬ್ಬೆರಳು ಹಿಂದೆ ಹೋದರೆ ವಸ್ತು ಸಿಕ್ಕೀತು ಎಂಬ ನಂಬಿಕೆಯನ್ನು ಅದರ ಕೈಗಳು ಮರೆತಿದ್ದವೋ, ಅಥವಾ ಅದಕ್ಕೆ ಮೊದಲಿನಿಂದಲೂ ಹೆಚ್ಚು ಬುದ್ಧಿಯೋ, ನಾನು ಹೇಳಲಾರೆ. ಒಂದೇ ಮಂಗವನ್ನು ನೋಡಿ ಎಲ್ಲ ಮಂಗಗಳ ಬಗ್ಗೆ ಮಾತಾಡಬಾರದು. ನನಗೆ ಗೊತ್ತಿರುವುದು ಇಷ್ಟೆ: ಆ ಊರಿನಲ್ಲಿ ನನ್ನ ಕೈ ಏನು ಮಾಡುತ್ತಿದೆ ಎಂದು ಅದೊಂದಕ್ಕೆ ಗೊತ್ತಿತ್ತು. ಮಧ್ಯಾಹ್ನ ಮೆಟ್ಟಿಲಿಗೆ ಹೋಗುವಾಗ ಯಾರನ್ನೋ ಕಾಣಲು ಹೋಗುವಂತೆ ನಾನು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದೆ.

ಮರುವರ್ಷ ಮಂಗಗಳ ಕಾಟ ಹೆಚ್ಚಾಯಿತು. ಮೊಟ್ಟೆ ಕೊಡುವ ದಿನ ಒಂದು ಗಂಡು ಎರಡನೇ ತರಗತಿಯ ಹುಡುಗಿಯ ತಟ್ಟೆಗೆ ಹಾರಿ ಅವಳ ಕೆನ್ನೆ ಪರಚಿತು. ಮೂರು ಹೊಲಿಗೆ ಬಿದ್ದವು. ಪಂಚಾಯ್ತಿಯವರು ಬೇರೆ ಊರಿನಿಂದ ಮಂಗ ಹಿಡಿಯುವವನನ್ನು ಕರೆಸಲು ನಿರ್ಧರಿಸಿದರು. ಶನಿವಾರ ಆಂಜನೇಯನದು, ಸೋಮವಾರ ಶಿವನದು, ಆದ್ದರಿಂದ ಭಾನುವಾರ ಎಂದು ಗೊತ್ತಾಯಿತು.

ಹಿಡಿಯುವವನು ಲಗೇಜ್ ಆಟೋದಲ್ಲಿ ದೊಡ್ಡ ಜಾಲರಿ ಪಂಜರ ತಂದು ಶಾಲೆಯ ಹಿಂದೆ ಇಳಿಸಿದ. ಅದಕ್ಕೆ ಮುಂದೊಂದು ಕೋಣೆ, ಹಿಂದೊಂದು ಕೋಣೆ, ನಡುವೆ ಒಂದು ತಗಡಿನ ಬಾಗಿಲು. ಮುಂದಿನ ಬಾಗಿಲನ್ನು ಹಗ್ಗದಿಂದ ಮೇಲೆತ್ತಿ ಕಟ್ಟಿ, ಮಂಗ ಒಳಗೆ ಬಂದಾಗ ಹಗ್ಗ ಬಿಡುವುದು. ಅವನು ಶೇಂಗಾ ಚೆಲ್ಲುವ ಮೊದಲೇ ಊರಿನವರು ತಡೆದರು. ಆಂಜನೇಯನ ಮಕ್ಕಳನ್ನು ಹಾಗೆಯೇ ಹಿಡಿಯುವಂತಿಲ್ಲ. ಪಂಜರಕ್ಕೆ ಕುಂಕುಮ ಹಚ್ಚಿದರು, ತೆಂಗಿನಕಾಯಿ ಒಡೆದರು, ಒಂದು ಚಿಪ್ಪು ಬಾಳೆಹಣ್ಣನ್ನು ಒಳಗಿಟ್ಟು ಅದಕ್ಕೆ ಊದಿನಕಡ್ಡಿ ಚುಚ್ಚಿ ಹೊರಬಂದರು.

ಮಂಗಗಳು ಗೋಡೆಯ ಮೇಲೆ ಸಾಲಾಗಿ ಕೂತು ಕಾದವು. ಕಡ್ಡಿ ಆರಿತು. ಎರಡು ಮಂಗಗಳು ಇಳಿದು ಬಂದು, ಹೊರಗಿನಿಂದಲೇ ಜಾಲರಿಯೊಳಗೆ ಕೈ ಹಾಕಿ, ಚಿಪ್ಪನ್ನು ಅಂಚಿಗೆಳೆದು ಹಣ್ಣನ್ನು ಒಂದೊಂದಾಗಿ ಕಿತ್ತುಕೊಂಡು ಹೋದವು. ಯಾವುದೂ ಒಳಗೆ ಬರಲಿಲ್ಲ.

“ಪೂಜೆ ಮುಗೀತಾ?” ಎಂದ ಹಿಡಿಯುವವನು. “ಇಲ್ಲಾ ಇನ್ನೂ ಮಂಗಳಾರತಿ ಐತಾ?”

ಹತ್ತು ಗಂಟೆಗೆ ಪಂಚಾಯ್ತಿ ಸದಸ್ಯರೊಬ್ಬರು, ಅಡುಗೆಯಾಕೆ, ಇನ್ನೂ ಇಬ್ಬರು ನನ್ನ ಮನೆಗೆ ಬಂದರು. ಐದು ವರ್ಷದಲ್ಲಿ ಆ ಊರಿನವರು ನನ್ನ ಬಾಗಿಲಿಗೆ ಗುಂಪಾಗಿ ಬಂದದ್ದು ಅದೇ ಮೊದಲು. ನಾನು ಕುರ್ಚಿ ಸಾಲದೆ ಚಾಪೆ ಹಾಸಿದೆ.

“ನಿಮ್ಮ ಕೈನ ಮಂಗಗಳು ನಂಬ್ತಾವಂತಲ್ರೀ ಮೇಡಂ,” ಎಂದರು ಸದಸ್ಯರು.

“ನಂಬೋದೇನು, ಮೋಸ ಹೋಗ್ತಾವೆ. ದಿನಾ ನೋಡ್ತೀನಲ್ಲ,” ಎಂದಳು ಅಡುಗೆಯಾಕೆ.

“ಊರಿನವರು ಯಾರಾದರೂ ಮಾಡಬಹುದಲ್ಲ. ನಾನು ಹೇಳಿಕೊಡ್ತೀನಿ,” ಎಂದೆ.

“ಊರಾಗೆ ಯಾರೂ ಒಪ್ಪಲ್ರೀ. ಆಂಜನೇಯನ ಮಕ್ಳನ್ನ ಪಂಜರಕ್ಕೆ ಕರದ ಕೈ ಅಂತ ನಾಳೆ ಆಡ್ಕೊಂತಾರೆ. ನೀವಾದ್ರೆ…”

ಸದಸ್ಯರ ಮಾತನ್ನು ಅಡುಗೆಯಾಕೆ ಮುಗಿಸಿದಳು: “ನೀವಾದ್ರೆ ವರ್ಗ ಆಗಿ ಹೋಗೋರು ಅಂತ ಹೇಳಿಬಿಡ್ರಿ, ಯಾಕೆ ನುಂಗ್ತೀರಿ.”

ನಾನು ಒಪ್ಪಿದೆ. ಪರಚಿಸಿಕೊಂಡ ಹುಡುಗಿಗಾಗಿ ಒಪ್ಪಿದೆ ಎಂದು ಆಗ ಹೇಳಿಕೊಂಡೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನಾಲ್ಕು ಜನ ನನ್ನ ಚಾಪೆಯ ಮೇಲೆ ಕೂತು ನನ್ನನ್ನು ಏನೋ ಕೇಳುತ್ತಿದ್ದರು. ಅವರು ಬೇಗ ಎದ್ದು ಹೋಗುವುದು ನನಗೆ ಬೇಕಿರಲಿಲ್ಲ.

ಹಿಡಿಯುವವನು ಕೆಲಸ ವಿವರಿಸಿದ. ಮುಂದಿನ ಕೋಣೆಯಲ್ಲಿ ಹುಲ್ಲು ಹರವಿದ್ದ. ನಾನು ಪಂಜರದ ಪಕ್ಕ ಕೂತು, ಕಾಯಿ ತೋರಿಸಿ, ಎಡ ಮುಷ್ಟಿಯನ್ನು ಜಾಲರಿಯ ಕಿಂಡಿಯಿಂದ ಒಳಗೆ ಹಾಕಿ ಹುಲ್ಲಿನ ಮೇಲೆ ಬಿಚ್ಚಬೇಕು.

“ನಿಜವಾದ ಕಾಯಿ ಹಾಕಿದರೆ ಆಗಲ್ವಾ?” ಎಂದೆ.

“ಕಾಯಿ ಸಿಕ್ರೆ ಎತ್ಕೊಂಡು ಓಡ್ತಾವೆ. ಸಿಗಲಿಲ್ಲ ಅಂದ್ರೆ ಹುಡುಕ್ತಾ ಕೂರ್ತಾವೆ. ನಂಗೆ ಅವು ಕೂರೋದು ಬೇಕ್ರೀ.”

ಅವನು ಹೇಳಿದಂತೆಯೇ ಆಯಿತು. ಮೊದಲು ದೊಡ್ಡ ಗಂಡು ಬಂತು. ನಾನು ಮುಷ್ಟಿ ಬಿಚ್ಚಿದ ಜಾಗದಲ್ಲಿ ಹುಲ್ಲನ್ನು ಎರಡೂ ಕೈಯಿಂದ ಬಗೆಯತೊಡಗಿತು. ಅದು ಬಗೆಯುವುದನ್ನು ನೋಡಿ ಇನ್ನೆರಡು ಬಂದವು. ಮತ್ತೆ ಮಾಡಿದೆ. ಇನ್ನೂ ನಾಲ್ಕು. ಅವುಗಳ ಮುಖದಲ್ಲಿ ಮೆಟ್ಟಿಲ ಮೇಲೆ ನಾನು ಕಂಡಿದ್ದ ಶ್ರದ್ಧೆಯೇ ಇತ್ತು. ಹುಡುಕಿದರೆ ಕೊನೆಗೆ ಸಿಕ್ಕೇ ಸಿಗುತ್ತದೆ ಎಂದು ನಾನೇ ಅವುಗಳಿಗೆ ಕಲಿಸಿದ್ದೆ.

ಕೈ ಸುಟ್ಟ ಹೆಣ್ಣು ಗೋಡೆಯ ಮೂಲೆಯಲ್ಲೇ ಇತ್ತು. ನನ್ನ ಬಲಗೈ ನೋಡುತ್ತಿತ್ತು. ಮಗಳು ಅದರ ಪಕ್ಕದಿಂದ ಇಳಿದಳು. ತಾಯಿ ಒಂದು ಮೊಂಡು ಕೈ ಚಾಚಿ ಮಗಳ ಬಾಲವನ್ನು ತಡೆಯಲು ನೋಡಿತು. ಹಿಡಿಯಲು ಬೆರಳು ಸಾಲಲಿಲ್ಲ. ಮಗಳು ಒಳಗೆ ಹೋದಳು. ಅದನ್ನು ನಾನು ನೋಡಿದೆ. ನೋಡಿಯೂ ಇನ್ನೊಮ್ಮೆ ಎಡ ಮುಷ್ಟಿ ಬಿಚ್ಚಿದೆ, ಏಕೆಂದರೆ ಇನ್ನೂ ಎರಡು ಬಾಗಿಲ ಹೊಸ್ತಿಲಲ್ಲಿದ್ದವು, ಹಿಡಿಯುವವನು ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದ.

ಹಗ್ಗ ಬಿಟ್ಟ. ಆ ಕೂಗಾಟವನ್ನು ವರ್ಣಿಸುವುದಿಲ್ಲ. ಅವನು ತಗಡಿನ ಬಾಗಿಲು ಎತ್ತಿ, ಪಂಜರ ಬಡಿದು, ಎಲ್ಲವನ್ನೂ ಹಿಂದಿನ ಕೋಣೆಗೆ ಓಡಿಸಿ ಬಾಗಿಲು ಇಳಿಸಿದ. ಹತ್ತು ಇದ್ದವು. ಗೋಡೆಯ ಮೇಲೆ ಒಂದು ಉಳಿದಿತ್ತು.

“ಅದೊಂದು ಬರಲ್ಲ ಬಿಡ್ರಿ,” ಎಂದು ಅವನು ಪಂಜರವನ್ನು ಬಿಗಿಯಲು ಹಗ್ಗ ಸುತ್ತತೊಡಗಿದ.

“ಇಲ್ಲೇ ಉಳಿದರೆ ಏನಾಗುತ್ತೆ?”

“ಒಂಟಿ ಹೆಣ್ಣು, ಅದೂ ಕೈ ಇಲ್ಲದ್ದು. ಬೇರೆ ಗುಂಪಿನೋವು ಸೇರಿಸಲ್ಲ. ಮಳೆಗಾಲದ ತನಕ ಇದ್ರೆ ಜಾಸ್ತಿ. ನಾಯಿಗೆ ಸಿಗ್ತದೆ.”

“ಮುಂದಿನ ಬಾಗಿಲು ಇನ್ನೊಂದು ಸಲ ಎತ್ತಿ.”

“ನಿಮ್ಮಾಟ ಅದರತ್ರ ನಡಿಯಲ್ಲ ಅಂತ ಈ ಅಡುಗೆಯಮ್ಮ ಹೇಳ್ತಾಳಲ್ರೀ.”

“ಎತ್ತಿ.”

ಎತ್ತಿದ. ನಾನು ಆಟ ಮಾಡಲಿಲ್ಲ. ಬಲಗೈಯನ್ನು ಬಿಚ್ಚಿ ಕಾಯನ್ನು ತೋರಿಸಿದೆ, ಕಿಂಡಿಯಿಂದ ಒಳಗೆ ಹಾಕಿ ಹುಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಆ ಹೆಣ್ಣನ್ನು ಕರೆಯುತ್ತಿದ್ದೇನೆ ಎಂಬುದೂ, ಯಾವುದಕ್ಕೆ ಕರೆಯುತ್ತಿದ್ದೇನೆ ಎಂಬುದೂ ನನಗೆ ಗೊತ್ತಿತ್ತು. ನಂತರ ಎದ್ದು ದೂರ ಹೋಗಿ ನಿಂತೆ.

ಬಹಳ ಹೊತ್ತಾಯಿತು. ಅದು ಇಳಿಯಿತು. ಮೊದಲು ಪಂಜರದ ಹಿಂದಕ್ಕೆ ಹೋಯಿತು. ಮಗಳು ಜಾಲರಿಯಿಂದ ಬೆರಳು ಹೊರಗೆ ಹಾಕಿದ್ದಳು. ತಾಯಿ ಮೊಂಡು ಕೈಯನ್ನು ಆ ಬೆರಳುಗಳಿಗೆ ಒತ್ತಿ ಕೂತಿತು. ಪಂಜರವನ್ನು ಒಂದು ಸುತ್ತು ಬಂತು, ಎರಡನೇ ಸುತ್ತಿಗೆ ಮುಂದಿನ ಬಾಗಿಲ ಬಳಿ ನಿಂತು ಮೇಲೆ ಕಟ್ಟಿದ ಬಾಗಿಲನ್ನೂ ಹಗ್ಗವನ್ನೂ ಹಗ್ಗ ಹಿಡಿದವನನ್ನೂ ನೋಡಿತು. ಆಮೇಲೆ ಒಳಗೆ ನಡೆಯಿತು. ಕಾಯಿ ದಾರಿಯಲ್ಲೇ ಇತ್ತು. ಅದನ್ನು ದಾಟಿಕೊಂಡು ಹೋಗಿ ತಗಡಿನ ಬಾಗಿಲಿಗೆ ಮುಖ ಒತ್ತಿ ಕೂತಿತು. ಬಾಗಿಲು ಬಿದ್ದಾಗ ತಿರುಗಿ ನೋಡಲಿಲ್ಲ.

“ತಾನೇ ಬಂತಲ್ರೀ,” ಎಂದ ಹಿಡಿಯುವವನು. ಅವನ ದನಿ ಸ್ವಲ್ಪ ಇಳಿದಿತ್ತು.

“ಮಧ್ಯದ ಬಾಗಿಲು ತೆಗೀರಿ. ಮಗಳ ಹತ್ತಿರ ಬಿಡಿ.”

“ಹಿಂದೆ ತುಂಬೈತೆ ರೀ. ಕಾಡಿನಾಗೆ ಇಳಿಸುವಾಗ ಒಂದಾಗ್ತಾವೆ.”

“ಎಲ್ಲವನ್ನೂ ಒಂದೇ ಕಡೆ ಇಳಿಸ್ತೀರಾ?”

ಅವನು ಪಂಜರವನ್ನು ಆಟೋಗೆ ಏರಿಸಲು ಇಬ್ಬರನ್ನು ಕರೆದ. ನಾನು ಆಟೋದ ಹಿಂದಿನ ತಗಡನ್ನು ಎರಡೂ ಕೈಯಿಂದ ಹಿಡಿದು ನಿಂತೆ. ಸದಸ್ಯರು ಬಂದು “ಮೇಡಂ, ಏನಿದು” ಎಂದರು. ಅವರ ತೋಳಿನ ಮೇಲೆ ನನಗೆ ಹೊದಿಸಲು ತಂದ ಶಾಲು ಇತ್ತು. ನಾನು ಬಿಡಲಿಲ್ಲ. ಹಿಡಿಯುವವನು ಏನೋ ಗೊಣಗಿ ತಗಡಿನ ಬಾಗಿಲನ್ನು ಒಂದು ಗೇಣು ಎತ್ತಿದ. ತಾಯಿ ಆ ಗೇಣಿನೊಳಗೆ ನುಸುಳಿತು. ಮಗಳು ಅದರ ಹೊಟ್ಟೆಗೆ ಅಂಟಿಕೊಂಡಳು. ಅಷ್ಟನ್ನು ನೋಡಿ ಕೈ ಬಿಟ್ಟೆ.

“ಯಾವ ಕಾಡು?” ಎಂದು ಆಟೋ ಹೊರಡುವಾಗ ಕೇಳಿದೆ.

“ಸವಳಂಗದ ಆಚೆ ರೀ. ದೊಡ್ಡ ಕಾಡು.”

ಮಾರನೇ ದಿನದಿಂದ ಮಕ್ಕಳು ವರಾಂಡದಲ್ಲಿ ನಿಶ್ಚಿಂತೆಯಿಂದ ಉಂಡರು. ಅದು ಒಳ್ಳೆಯದೇ. ಆದರೆ ಮುಂದಿನ ಶನಿವಾರ ಗುಡಿಯಲ್ಲಿ ನಾನು ತೀರ್ಥಕ್ಕೆ ಕೈ ಒಡ್ಡಿದಾಗ ಪೂಜಾರಿ ಉದ್ಧರಣೆಯನ್ನು ನನ್ನ ಕೈಗೆ ತಾಗದಂತೆ ಮಾಮೂಲಿಗಿಂತ ಎತ್ತರದಿಂದ ಬಗ್ಗಿಸಿದರು. ಕಟ್ಟೆಯ ಮೇಲೆ ಬಾಳೆಹಣ್ಣು ಇಟ್ಟಿದ್ದರು, ಕಡ್ಡಿ ಆರಿ ಎಷ್ಟೋ ಹೊತ್ತಾದರೂ ಹಣ್ಣು ಹಾಗೇ ಇತ್ತು. ಮಕ್ಕಳು “ಮಂಗ ಹಿಡಿದ ಆಟ ತೋರಿಸ್ರಿ ಮೇಡಂ” ಎಂದು ಪೀಡಿಸಿದರು. ಕೈ ನೋಯುತ್ತದೆ ಎಂದೆ. ನನ್ನ ಚಾಪೆಯ ಮೇಲೆ ಮತ್ತೆ ಯಾರೂ ಬಂದು ಕೂರಲಿಲ್ಲ.

ಈಗ ಚನ್ನಗಿರಿಯಲ್ಲಿದ್ದೇನೆ. ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ ಎರಡು ಬಸ್ಸು ಬದಲಿಸಿ ಸವಳಂಗ ದಾಟಿ ಇಳಿದೆ. ಅಲ್ಲಿ ರಸ್ತೆಯ ಎರಡೂ ಬದಿ ಮಂಗಗಳು ಕೂತಿರುತ್ತವೆ. ಕಾರಿನವರು ಎಸೆಯುವುದನ್ನು ಕಾಯುತ್ತವೆ. ನಾನು ಬ್ಯಾಗಿನಲ್ಲಿ ಶೇಂಗಾ ಒಯ್ದಿರಲಿಲ್ಲ. ಮೂರು ಗಂಟೆಯ ಕಾಲ ರಸ್ತೆಯಂಚಿನಲ್ಲಿ ನಡೆಯುತ್ತಾ ಪ್ರತಿಯೊಂದರ ಕೈ ನೋಡಿದೆ. ಎಲ್ಲಕ್ಕೂ ಹೆಬ್ಬೆರಳಿತ್ತು.

ರಸ್ತೆಬದಿಯ ಟೀ ಅಂಗಡಿಯ ಹೆಂಗಸು ನನ್ನನ್ನು ಆಗಿನಿಂದ ಗಮನಿಸುತ್ತಿದ್ದಳು.

“ಯಾರನ್ನ ಹುಡುಕಾಕತ್ತೀರಿ ಅಕ್ಕ?”

“ಒಬ್ಬಾಕೆಯನ್ನ. ಕರೆಂಟಿನಿಂದ ಎರಡೂ ಕೈ ಸುಟ್ಟಿದ್ದಾವೆ. ಜೊತೆಗೆ ಮಗಳಿದ್ದಾಳೆ.”

“ಅಯ್ಯೋ ಪಾಪ. ಸ್ಟೇಷನ್ನಾಗೆ ಹೇಳೀರಾ?”

“ಇಲ್ಲ.”

“ನಿಮ್ಮೋರಾ?”

ಪರಿಚಯ ಎಂದೆ. ಅವಳು ಟೀ ಕೊಟ್ಟಳು. ಆ ಕಡೆಯ ಊರುಗಳಲ್ಲಿ ವಿಚಾರಿಸುತ್ತೇನೆಂದು ನನ್ನ ಫೋನ್ ನಂಬರನ್ನು ಒಂದು ಬಿಸ್ಕತ್ತು ಪೊಟ್ಟಣದ ಹಿಂದೆ ಬರೆಸಿಕೊಂಡಳು. ತಿದ್ದಿ ಹೇಳಬೇಕಿತ್ತು. ಬಸ್ಸು ಬಂತು, ಹತ್ತಿದೆ. ಅವಳು ಇದುವರೆಗೆ ಎರಡು ಸಲ ಫೋನ್ ಮಾಡಿದ್ದಾಳೆ, ಅಂಥವರು ಯಾರೂ ಈ ಕಡೆ ಬಂದಿಲ್ಲ ಅಕ್ಕ ಎಂದು ಹೇಳಲು.